ಕ್ಲಾಸಿಕ್ ಕಾರುಗಳಲ್ಲಿ ವಿದ್ಯುನ್ಮಾನ ಇಗ್ನಿಷನ್ ಟೈಮಿಂಗ್

ಇಗ್ನಿಷನ್ ಟೈಮಿಂಗ್ ಅಥವಾ ದಹನ ಸಮಯ ಎಂದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಕ್ಷಣವನ್ನು ಪಿಸ್ಟನ್ನಿನ ಸ್ಥಾನಕ್ಕೆ ಹೊಂದಿಸುವ ಕ್ರಮ. ಇದನ್ನು ಕ್ರ್ಯಾಂಕ್ ದಂಡದ ತಿರುಗುವಿಕೆಯ ಡಿಗ್ರಿಗಳಲ್ಲಿ ಅಳೆಯಲಾಗುತ್ತದೆ. ಹಳೆಯ ಕಾರುಗಳ ಎಂಜಿನ್ನನ್ನು ಮಾರ್ಪಡಿಸಿ ಅದಕ್ಕೆ ವಿದ್ಯುನ್ಮಾನ ಇಗ್ನಿಷನ್ ಅಳವಡಿಸಿದಾಗ ತಯಾರಕರು ಸೂಚಿಸಿದ ಮೂಲ ಟೈಮಿಂಗ್ ಸಾಮಾನ್ಯವಾಗಿ ಹೊಂದಿಕೆಯಾಗುವುದಿಲ್ಲ. ತಪ್ಪಾದ ಟೈಮಿಂಗ್‌ನಿಂದ ಶಕ್ತಿ ಕುಂದುವುದಲ್ಲದೆ ಪಿಸ್ಟನ್ ಕರಗಿ ಎಂಜಿನ್ ಸಂಪೂರ್ಣ ಹಾಳಾಗುವ ಸಾಧ್ಯತೆಯೂ ಇದೆ.

ಹಿನ್ನೆಲೆ

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ ವ್ಯವಸ್ಥೆ ಹಲವು ದಶಕಗಳ ಕಾಲ ಬಳಕೆಯಲ್ಲಿತ್ತು. ಇದರಲ್ಲಿ ಡಿಸ್ಟ್ರಿಬ್ಯೂಟರಿನೊಳಗಿನ ಸಂಪರ್ಕ ಬಿಂದುಗಳು ತೆರೆದಾಗ ಕಾಯಿಲ್‌ನ ವಿದ್ಯುತ್ ಪ್ರವಾಹ ಕಡಿದು ಕಿಡಿ ಹುಟ್ಟುತ್ತದೆ. ಬಿಂದುಗಳು ಸವೆದಂತೆ ಅವುಗಳ ನಡುವಿನ ಅಂತರ ಬದಲಾಗಿ ಟೈಮಿಂಗ್ ಸರಿಯುತ್ತದೆ. ಈ ದೋಷವನ್ನು ನಿವಾರಿಸಲು ಟ್ರಾನ್ಸಿಸ್ಟರ್ ಆಧಾರಿತ ವ್ಯವಸ್ಥೆಗಳು ಬಂದವು. ಕ್ರೈಸ್ಲರ್ ಸಂಸ್ಥೆ 1973ರ ಮಾದರಿಗಳಲ್ಲಿ ವಿದ್ಯುನ್ಮಾನ ಇಗ್ನಿಷನ್ನನ್ನು ಸಾರ್ವತ್ರಿಕಗೊಳಿಸಿತು. ಹಳೆಯ ಡಿಸ್ಟ್ರಿಬ್ಯೂಟರಿನೊಳಗೇ ಕೂರುವ ಮಾಡ್ಯೂಲ್‌ಗಳಲ್ಲಿ ಹಾಲ್ ಪರಿಣಾಮದ ಸಂವೇದಕ ಅಥವಾ ಬೆಳಕಿನ ಸಂವೇದಕವು ಬಿಂದುಗಳ ಕೆಲಸವನ್ನು ನಿರ್ವಹಿಸುತ್ತದೆ.

ಕಾರ್ಯತತ್ವ

ಇಂಧನ ಮಿಶ್ರಣ ಒಮ್ಮೆಲೇ ಉರಿಯುವುದಿಲ್ಲ. ಜ್ವಾಲೆ ಹರಡಲು ಸ್ವಲ್ಪ ಕಾಲ ಬೇಕು. ಆದ್ದರಿಂದ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಇದಕ್ಕೆ ಮುಂಗಡ ಅಥವಾ ಅಡ್ವಾನ್ಸ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 6 ಡಿಗ್ರಿ ಚಲಿಸುತ್ತದೆ. 6000 ಸುತ್ತಿನಲ್ಲಿ 36 ಡಿಗ್ರಿ ಚಲಿಸುತ್ತದೆ. ವೇಗ ಹೆಚ್ಚಿದಂತೆ ಮುಂಗಡವೂ ಹೆಚ್ಚಬೇಕಾದುದು ಈ ಕಾರಣಕ್ಕಾಗಿ. ಆದರೆ ವೇಗದೊಂದಿಗೆ ಮಿಶ್ರಣದ ಪ್ರಕ್ಷುಬ್ಧತೆ ಹೆಚ್ಚಿ ದಹನವೂ ಚುರುಕಾಗುವುದರಿಂದ ಒಂದು ಹಂತದ ನಂತರ ಹೆಚ್ಚಿನ ಮುಂಗಡದ ಅಗತ್ಯವಿರುವುದಿಲ್ಲ.

ಡಿಸ್ಟ್ರಿಬ್ಯೂಟರಿನಲ್ಲಿ ವೇಗಾನುಸಾರಿ ಮುಂಗಡವನ್ನು ತೂಕದ ತುಂಡುಗಳೂ ಸ್ಪ್ರಿಂಗುಗಳೂ ಒದಗಿಸುತ್ತವೆ; ಹೊರೆ ಕಡಿಮೆಯಿದ್ದಾಗ ನಿರ್ವಾತ ಘಟಕ ಹೆಚ್ಚುವರಿ ಮುಂಗಡ ನೀಡುತ್ತದೆ. ಬಿಂದುಗಳ ಬದಲು ಮಾಡ್ಯೂಲ್ ಹಾಕಿದರೂ ಈ ಯಾಂತ್ರಿಕ ಭಾಗಗಳು ಹಾಗೆಯೇ ಉಳಿಯುತ್ತವೆ ಎಂಬುದು ದೋಷ ಪತ್ತೆಯಲ್ಲಿ ಮುಖ್ಯ. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರ 10 ಡಿಗ್ರಿ ಕ್ರ್ಯಾಂಕಿನ 20 ಡಿಗ್ರಿಗೆ ಸಮ.

ಮಾರ್ಪಾಡಿನ ಪರಿಣಾಮಗಳು

ಬ್ರಿಟನ್ನಿನ ಬಿಎಂಸಿ ಎ-ಸರಣಿಯ ಎಂಜಿನ್ ಇದಕ್ಕೆ ಉತ್ತಮ ನಿದರ್ಶನ. 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿಸಿ ಗಾತ್ರದಲ್ಲಿ ಬಂದ ಇದು 1959ರ ಮಿನಿ ಕಾರಿನಲ್ಲಿ 848 ಸಿಸಿ ಆಗಿ, ಮುಂದೆ 1275 ಸಿಸಿವರೆಗೆ ಬೆಳೆಯಿತು. ಹಿಂದೂಸ್ತಾನ್ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಸಂಸ್ಥೆಯ ಬಿ-ಸರಣಿಗೆ ಸೇರಿದ್ದು. ಎರಡರಲ್ಲೂ ಕಿಡಿಯ ಕ್ರಮ 1-3-4-2.

* ಕ್ಯಾಮ್‌ಶಾಫ್ಟ್: ಕವಾಟಗಳನ್ನು ಹೆಚ್ಚು ಕಾಲ ತೆರೆದಿಡುವ ಕ್ಯಾಮ್ ಹಾಕಿದಾಗ ಕಡಿಮೆ ವೇಗದಲ್ಲಿ ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ, ದಹನ ನಿಧಾನವಾಗುತ್ತದೆ. ಐಡಲ್ ವೇಗದಲ್ಲಿ ಮೂಲಕ್ಕಿಂತ ಹೆಚ್ಚು ಮುಂಗಡ ಬೇಕಾಗುತ್ತದೆ.
* ಸಂಪೀಡನ ಅನುಪಾತ: ಅನುಪಾತ ಹೆಚ್ಚಿದಂತೆ ದಹನ ಚುರುಕಾಗುತ್ತದೆ ಮತ್ತು ಸ್ಫೋಟಕ ದಹನದ ಅಪಾಯ ಏರುತ್ತದೆ. ಆಗ ಗರಿಷ್ಠ ಮುಂಗಡವನ್ನು ಮಿತಿಗೊಳಿಸಬೇಕು.
* ಕಾರ್ಬುರೇಟರ್: ಪ್ರತಿ ಸಿಲಿಂಡರಿಗೂ ಪ್ರತ್ಯೇಕ ನಳಿಕೆಯಿರುವ ಕಾರ್ಬುರೇಟರುಗಳಲ್ಲಿ ನಿರ್ವಾತ ಸಂಕೇತ ಸ್ಥಿರವಾಗಿರದ ಕಾರಣ ನಿರ್ವಾತ ಮುಂಗಡವನ್ನು ಅನೇಕ ವೇಳೆ ಕೈಬಿಡಲಾಗುತ್ತದೆ.

ಹೀಗೆ ಆರಂಭಿಕ ಮುಂಗಡ ಹೆಚ್ಚಬೇಕು, ಗರಿಷ್ಠ ಮುಂಗಡ ಹೆಚ್ಚಬಾರದು ಎಂಬ ಪರಿಸ್ಥಿತಿ ಉಂಟಾಗುತ್ತದೆ. ಡಿಸ್ಟ್ರಿಬ್ಯೂಟರಿನ ದೇಹವನ್ನು ತಿರುಗಿಸಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಆದ್ದರಿಂದ ಯಾಂತ್ರಿಕ ಮುಂಗಡದ ವ್ಯಾಪ್ತಿಯನ್ನೇ ಕಿರಿದುಗೊಳಿಸುವುದು ಸರಿಯಾದ ಪರಿಹಾರ.

ದೋಷದ ಲಕ್ಷಣಗಳು

ಮುಂಗಡ ಹೆಚ್ಚಾದಾಗ: ಸ್ಟಾರ್ಟರ್ ತಿರುಗಲು ತಡವರಿಸುವುದು ಅಥವಾ ಹಿಂದಕ್ಕೆ ಒದೆಯುವುದು, ಹೊರೆ ಬಿದ್ದಾಗ ಲೋಹದ ಟಣಟಣ ಸದ್ದು. ಈ ಸದ್ದನ್ನು ನಿರ್ಲಕ್ಷಿಸಿದರೆ ಪಿಸ್ಟನ್ನಿನ ತಲೆ ತೂತಾಗಬಹುದು. ಜೋರಾದ ಎಕ್ಸಾಸ್ಟ್ ಇರುವ ಮಾರ್ಪಡಿಸಿದ ಕಾರುಗಳಲ್ಲಿ ಇದು ಕಿವಿಗೆ ಬೀಳದೆಯೂ ಹೋಗಬಹುದು.

ಮುಂಗಡ ಕಡಿಮೆಯಾದಾಗ: ಶಕ್ತಿ ಕುಂದುವುದು, ಎಂಜಿನ್ ಅತಿಯಾಗಿ ಬಿಸಿಯಾಗುವುದು, ಎಕ್ಸಾಸ್ಟ್ ಕೊಳವೆ ಕೆಂಪಗೆ ಕಾಯುವುದು, ಇಂಧನ ಬಳಕೆ ಹೆಚ್ಚುವುದು.

ದೋಷ ಪತ್ತೆಯ ಕ್ರಮ

1. ಗುರುತಿನ ಪರಿಶೀಲನೆ: ಮೊದಲ ಸಿಲಿಂಡರಿನ ಪಿಸ್ಟನ್ ನಿಜವಾಗಿ ಮೇಲ್ತುದಿಯಲ್ಲಿರುವಾಗ ಕ್ರ್ಯಾಂಕ್ ಪುಲ್ಲಿಯ ಗುರುತು ಸೊನ್ನೆಗೆ ಕೂಡುತ್ತದೆಯೇ ಎಂದು ನೋಡಬೇಕು. ರಬ್ಬರ್ ಪದರವಿರುವ ಪುಲ್ಲಿಗಳಲ್ಲಿ ಹೊರ ಉಂಗುರ ಜಾರಿದರೆ ಗುರುತು ತಪ್ಪುತ್ತದೆ. ನಂತರದ ಎಲ್ಲ ಅಳತೆಗಳೂ ಸುಳ್ಳಾಗುತ್ತವೆ.

2. ಸಂಪೀಡನ ಹಂತ: ಗುರುತು ಕೂಡಿದಾಗ ನಾಲ್ಕನೇ ಸಿಲಿಂಡರಿನ ಎರಡೂ ಕವಾಟಗಳು ಚಲಿಸುವ ಸ್ಥಿತಿಯಲ್ಲಿದ್ದರೆ ಮೊದಲನೆಯದು ಸಂಪೀಡನದಲ್ಲಿದೆ ಎಂದರ್ಥ. ಇಲ್ಲವಾದರೆ ಕ್ರ್ಯಾಂಕನ್ನು ಇನ್ನೊಂದು ಪೂರ್ಣ ಸುತ್ತು ತಿರುಗಿಸಬೇಕು.

3. ವಿದ್ಯುತ್ ಪೂರೈಕೆ: ಬ್ಯಾಲಸ್ಟ್ ಪ್ರತಿರೋಧವಿರುವ ತಂತಿಯಿಂದ ಮಾಡ್ಯೂಲಿಗೆ ವಿದ್ಯುತ್ ಕೊಟ್ಟರೆ ಪೂರ್ಣ 12 ವೋಲ್ಟ್ ದೊರೆಯದೆ ಕಿಡಿ ತಪ್ಪುತ್ತದೆ. ಬ್ಯಾಲಸ್ಟ್‌ಗೆಂದು ಮಾಡಿದ ಸುಮಾರು 1.5 ಓಮ್ ಕಾಯಿಲನ್ನು 3 ಓಮ್ ಕಾಯಿಲ್ ಬೇಡುವ ಮಾಡ್ಯೂಲಿಗೆ ನೇರವಾಗಿ ಜೋಡಿಸಿದರೆ ಮಾಡ್ಯೂಲ್ ಸುಟ್ಟುಹೋಗಬಹುದು. ಧನಾಗ್ರವನ್ನು ದೇಹಕ್ಕೆ ಜೋಡಿಸಿರುವ ಹಳೆಯ ಬ್ರಿಟಿಷ್ ಕಾರುಗಳಿಗೆ ಅದಕ್ಕೆಂದೇ ತಯಾರಿಸಿದ ಮಾಡ್ಯೂಲ್ ಬೇಕು.

4. ಪ್ಲಗ್ ತಂತಿಗಳು: ಬರಿಯ ತಾಮ್ರದ ತಂತಿಗಳು ಹೊರಸೂಸುವ ರೇಡಿಯೋ ಅಡಚಣೆ ಮಾಡ್ಯೂಲನ್ನು ಗೊಂದಲಗೊಳಿಸಬಲ್ಲದು. ಪ್ರತಿರೋಧಯುಕ್ತ ತಂತಿಗಳನ್ನು ಬಳಸುವುದು ಸೂಕ್ತ.

5. ಟೈಮಿಂಗ್ ಬೆಳಕಿನ ಅಳತೆ: ನಿರ್ವಾತ ಕೊಳವೆಯನ್ನು ಕಳಚಿ ಮುಚ್ಚಿ, ಐಡಲ್‌ನಿಂದ ಸುಮಾರು 4000 ಸುತ್ತಿನವರೆಗೆ ಹಂತಹಂತವಾಗಿ ಅಳೆದು ಬರೆದುಕೊಳ್ಳಬೇಕು. ಗುರುತು ನಡುಗಿದರೆ ಡಿಸ್ಟ್ರಿಬ್ಯೂಟರ್ ದಂಡ ಅಥವಾ ಟೈಮಿಂಗ್ ಚೈನ್ ಸವೆದಿರಬಹುದು. ವೇಗ ಇಳಿಸಿದಾಗ ಗುರುತು ಹಿಂದಿರುಗದಿದ್ದರೆ ತೂಕದ ತುಂಡುಗಳು ಸಿಕ್ಕಿಕೊಂಡಿವೆ. ಒಂದೇ ಬಾರಿಗೆ ಹಲವು ಕಿಡಿ ನೀಡುವ ವ್ಯವಸ್ಥೆಗಳಲ್ಲಿ, ಮುಂಗಡವನ್ನು ಗುಂಡಿಯಿಂದ ಹೊಂದಿಸುವ ಬೆಳಕು ತಪ್ಪು ಅಂಕಿ ತೋರಿಸಬಹುದು.

6. ಹೊಂದಾಣಿಕೆ: ಮೊದಲು ಗರಿಷ್ಠ ಮುಂಗಡವನ್ನು ನಿಗದಿಪಡಿಸಿ ಅನಂತರ ಐಡಲ್ ಮುಂಗಡವನ್ನು ಗಮನಿಸಬೇಕು. ಮಾರ್ಪಡಿಸಿದ ಎ-ಸರಣಿ ಎಂಜಿನ್ನುಗಳಲ್ಲಿ ನಿರ್ವಾತವಿಲ್ಲದೆ ಒಟ್ಟು ಸುಮಾರು 30 ಡಿಗ್ರಿಯ ಆಸುಪಾಸು ರೂಢಿಯಲ್ಲಿದೆ. ಅಂತಿಮ ನಿರ್ಧಾರಕ್ಕೆ ಡೈನಮೋಮೀಟರ್ ಪರೀಕ್ಷೆಯೇ ಆಧಾರ.

ಡಿಸ್ಟ್ರಿಬ್ಯೂಟರ್ ರಹಿತ ವ್ಯವಸ್ಥೆಗಳು

ಫೋರ್ಡ್ ಸಂಸ್ಥೆಯ ಎಡಿಸ್ ಮಾಡ್ಯೂಲನ್ನು ಹಳೆಯ ಎಂಜಿನ್ನುಗಳಿಗೆ ಅಳವಡಿಸುವುದೂ ಉಂಟು. ಕ್ರ್ಯಾಂಕಿಗೆ ಜೋಡಿಸಿದ ಚಕ್ರದಲ್ಲಿ 36 ಹಲ್ಲುಗಳ ಜಾಗದಲ್ಲಿ 35 ಮಾತ್ರ ಇರುತ್ತವೆ. ಖಾಲಿ ಜಾಗ ಸ್ಥಾನಸೂಚಕ. ಚಕ್ರ ಒಂದು ಹಲ್ಲಿನಷ್ಟು ತಪ್ಪಿ ಕೂತರೆ ಟೈಮಿಂಗ್ 10 ಡಿಗ್ರಿ ತಪ್ಪುತ್ತದೆ. ನಿಯಂತ್ರಕದ ಸಂಕೇತ ದೊರೆಯದಿದ್ದರೆ ಮಾಡ್ಯೂಲ್ 10 ಡಿಗ್ರಿ ಸ್ಥಿರ ಮುಂಗಡಕ್ಕೆ ಮರಳುತ್ತದೆ. ಆದ್ದರಿಂದ ನಿಯಂತ್ರಕವನ್ನು ಬೇರ್ಪಡಿಸಿ, ಬೆಳಕಿನಲ್ಲಿ 10 ಡಿಗ್ರಿ ಕಾಣುತ್ತದೆಯೇ ಎಂದು ನೋಡುವುದು ಚಕ್ರದ ಜೋಡಣೆಯನ್ನು ಪರೀಕ್ಷಿಸುವ ಸರಳ ವಿಧಾನ.

ಸುರಕ್ಷತೆ

ಕಾಯಿಲ್ ಹತ್ತಾರು ಸಾವಿರ ವೋಲ್ಟ್ ಉಂಟುಮಾಡುವುದರಿಂದ ಎಂಜಿನ್ ಚಾಲನೆಯಲ್ಲಿರುವಾಗ ತಂತಿಗಳನ್ನು ಕೈಯಿಂದ ಕೀಳಬಾರದು. ಟೈಮಿಂಗ್ ಬೆಳಕಿನಲ್ಲಿ ತಿರುಗುವ ಫ್ಯಾನ್ ನಿಂತಂತೆ ಕಾಣಬಹುದು. ಸಡಿಲ ಬಟ್ಟೆ ಹಾಗೂ ಕೂದಲನ್ನು ದೂರವಿಡಬೇಕು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಚಲಾಯಿಸಿದರೆ ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಪ್ರಾಣಾಪಾಯವಿದೆ.

ಇವನ್ನೂ ನೋಡಿ

* ಆಂತರಿಕ ದಹನ ಎಂಜಿನ್
* ಸ್ಪಾರ್ಕ್ ಪ್ಲಗ್
* ಹಾಲ್ ಪರಿಣಾಮ
* ಹಿಂದೂಸ್ತಾನ್ ಅಂಬಾಸಿಡರ್