ಬೋರ್ ಉಳಿದಿರುವ ತನಕ

1996ರಲ್ಲಿ ಎರಡು ಗಾಡಿಗಳು ನಿಂತವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ಬೀಗ ಬಿದ್ದು ಯೆಜ್ಡಿ ಬರುವುದು ನಿಂತಿತು. ಅದೇ ವರ್ಷ ಯಮಹಾ ಆರ್‌ಎಕ್ಸ್ 100 ತಯಾರಿಕೆಯೂ ಮುಗಿಯಿತು. ವಿಜಯಪುರದ ಜೋರಾಪುರ ಪೇಟೆಯ ನನ್ನಂಥ ಮಿಸ್ತ್ರಿಗೆ ಕೈತುಂಬ ಕೆಲಸ ಹತ್ತಿದ್ದು ಅದರ ನಂತರ. ಹೊಸದು ಸಿಗದಾದಾಗ ಜನ ಹಳೆಯದನ್ನು ಮಾರಲಿಲ್ಲ, ರಿಪೇರಿಗೆ ತಂದರು.

ನಾನು ಕೆಲಸ ಕಲಿತದ್ದು ಯೆಜ್ಡಿಯ ಮೇಲೆ. 1961ರಿಂದ ಮೈಸೂರಿನಲ್ಲಿ ಜಾವಾ ತಯಾರಾಗುತ್ತಿತ್ತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ತಿಕೋಟಾ, ಬಬಲೇಶ್ವರ ಕಡೆಯಿಂದ ಎರಡೂ ಬದಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದವರ ಗಾಡಿ ಅದು. ಪೆಟ್ರೋಲಿಗೆ ಲೀಟರಿಗೆ 40 ಮಿಲಿ ಆಯಿಲ್ ಬೆರೆಸಬೇಕು. ಅದರಲ್ಲೂ ಕೈ ಬಿಗಿ ಮಾಡಿದವರು ಮಧ್ಯಾಹ್ನದ ಹೊತ್ತಿಗೆ ತಳ್ಳಿಕೊಂಡು ಬರುತ್ತಿದ್ದರು. “ಫಟಫಟಿ ಜಾಮ್ ಆಗ್ಯಾದ ನೋಡ್ರಿ ಉಸ್ತಾದ್.” ನನಗೆ ಕೆಲಸ ಕಲಿಸಿದ ಉಸ್ತಾದರು ತಲೆ ಎತ್ತದೆ ಹೇಳುತ್ತಿದ್ದರು: “ಎಣ್ಣಿ ಉಳಸಾಕ ಹೋಗಿ ಪಿಸ್ಟನ್ ಕಳಕೊಂಡ್ರಿ, ಕಾಕಾ.”

1985ರ ಕೊನೆಗೆ ಆರ್‌ಎಕ್ಸ್ 100 ಬಂತು. 98 ಸಿಸಿಯಲ್ಲಿ 11 ಅಶ್ವಶಕ್ತಿ! ಬೋರೂ, ಅಂದರೆ ಸಿಲಿಂಡರಿನ ಒಳಗಿನ ಅಗಲ, 50 ಮಿಲಿಮೀಟರ್, ಪಿಸ್ಟನ್ ಓಡಾಡುವ ಸ್ಟ್ರೋಕೂ 50. ಸವೆದರೆ ಲೇಥಿಗೆ ಕೊಟ್ಟು ಬೋರ್ ಮಾಡಿಸಿ, 0.25 ಓವರ್‌ಸೈಜ್ ಪಿಸ್ಟನ್ ಹಾಕುವುದು, ಆಮೇಲೆ 0.50, 0.75, ಕೊನೆಗೆ 1.00. ಈ ನಾಲ್ಕು ಮೆಟ್ಟಿಲೇ ಈ ಗಾಡಿಗಳನ್ನು ಇಂದಿನವರೆಗೂ ಬದುಕಿಸಿವೆ.

ಜೋರಿನ ಗಾಡಿ ಅಂದರೆ ರಾಜದೂತ್ 350. 1983ರಿಂದ 1989ರವರೆಗೆ ಎಸ್ಕಾರ್ಟ್ಸ್ ತಯಾರಿಸಿದ ಎರಡು ಸಿಲಿಂಡರಿನ ಯಮಹಾ. ಜಪಾನಿನಲ್ಲಿ 39 ಅಶ್ವಶಕ್ತಿ ಇದ್ದದ್ದನ್ನು ಮೈಲೇಜಿನ ಆಸೆಗೆ ಇಲ್ಲಿ ಮೊದಲು 30.5ಕ್ಕೆ, ಆಮೇಲೆ 27ಕ್ಕೆ ಇಳಿಸಿದರು. ಹೊಗೆಯ ದಾರಿಯನ್ನೇ ಕಿರಿದು ಮಾಡಿದ್ದರು. ನಮ್ಮಲ್ಲಿ ಟ್ಯೂನಿಂಗ್ ಎಂದು ಹೆಸರಾದ ಕೆಲಸದಲ್ಲಿ ಅರ್ಧಪಾಲು ಕಂಪನಿ ಮುಚ್ಚಿದ್ದನ್ನು ಬಿಚ್ಚುವುದೇ ಆಗಿತ್ತು.

ಇನ್ನರ್ಧ ಜೆಟ್ಟಿನ ಕೆಲಸ, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬಿಡುವ ತೂತಿನ ಅಳತೆ ಕೂಡಿಸುವುದು. ಇದೇ ಯಮಹಾ 1968ರಲ್ಲಿ ಎಸ್ಎಲ್ 350 ಎಂಬ ಸ್ನೋಮೊಬೈಲ್ ಮಾಡಿತ್ತು. ಅದೂ ಎರಡು ಸಿಲಿಂಡರಿನ ಟೂ-ಸ್ಟ್ರೋಕ್. ಚಕ್ರದ ಬದಲು ಹಿಮದ ಮೇಲೆ ಉರುಳುವ ಪಟ್ಟಿ. ಗೇರಿಲ್ಲ, ನಮ್ಮ ಕೈನೆಟಿಕ್ ಹೋಂಡಾದಂತೆ ಬೆಲ್ಟಿನ ಮೇಲೆ ಓಟ. ಹಿಮದ ನಾಡಿನ ಮಿಸ್ತ್ರಿಗೂ ನನಗೂ ಚಿಂತೆ ಒಂದೇ. ಚಳಿಯ ಗಾಳಿ ದಟ್ಟ, ಅದಕ್ಕೆ ಪೆಟ್ರೋಲು ಹೆಚ್ಚು ಬೇಕು, ಅಂದರೆ ದೊಡ್ಡ ಮೇನ್ ಜೆಟ್. ನಮ್ಮೂರಲ್ಲಿ ಮೇ ತಿಂಗಳಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ತೆಳು, ಜೆಟ್ಟು ಸಣ್ಣದಾದರೂ ನಡೆಯುತ್ತದೆ. ಆದರೆ ಬೇಸಿಗೆಯಲ್ಲಿ ಕೂಡಿಸಿದ ಸಣ್ಣ ಜೆಟ್ಟಿನಲ್ಲೇ ಸಿದ್ಧೇಶ್ವರ ಜಾತ್ರೆಯ ಚಳಿಯ ನಸುಕಿನಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ನಮಗೆ ಮೀಟರ್ ಇರಲಿಲ್ಲ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದೆವು. ಗಟ್ಟಿ ಚಹಾದ ಬಣ್ಣ ಬಂದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚು.

ಈಗಿನ ಹುಡುಗರಿಗೆ ಜೆಟ್ಟು ಬೇಡ, ಸದ್ದು ಬೇಕು. ಮಲಿಕ್-ಎ-ಮೈದಾನ್ ತೋಪಿನ ಊರಲ್ಲವೇ! ಸೈಲೆನ್ಸರ್ ಕೊಯ್ಯಿಸುತ್ತಾರೆ. ಟೂ-ಸ್ಟ್ರೋಕಿನಲ್ಲಿ ಸೈಲೆನ್ಸರ್ ಬರೀ ಸದ್ದು ತಗ್ಗಿಸುವ ಕೊಳವೆಯಲ್ಲ. ಅದರೊಳಗೆ ಹೋದ ಒತ್ತಡದ ಅಲೆ ತಿರುಗಿ ಬಂದು, ಹೊರಬೀಳಲಿದ್ದ ಹೊಸ ಪೆಟ್ರೋಲು-ಗಾಳಿಯನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ. ಅದನ್ನು ಕೊಯ್ದರೆ ಗದ್ದಲ ಏರಿ ಓಟ ಇಳಿಯುತ್ತದೆ. ಆ ಕೆಲಸವನ್ನು ನಾನು ಮಾಡಿಕೊಡುವುದಿಲ್ಲ.

ಹಳೆ ಆರ್‌ಎಕ್ಸ್ ಕೊಳ್ಳುವವರಿಗೆ ಒಂದು ಮಾತು. ಪೇಂಟಿಗೆ ಮರುಳಾಗಬೇಡಿ. ಹೆಡ್ ಬಿಚ್ಚಿಸಿ, ಪಿಸ್ಟನ್ ಮೇಲೆ ಕೊರೆದ ಸೈಜ್ ಓದಿ, 1.00 ಇದ್ದರೆ ಮುಂದೆ ಹೊಸ ಸ್ಲೀವ್ ಕೂಡಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಚಾಸಿಸ್ ನಂಬರನ್ನು ಆರ್‌ಸಿಯ ಜೊತೆ ತಾಳೆ ನೋಡಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಕಾಗದ ಇಲ್ಲದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.