ಬೆಂಕಿಪೆಟ್ಟಿಗೆಯ ಚಿತ್ರಗಳೂ ಬೆಂಗಳೂರಿನ ಬಾಲ್ಯಸ್ಮೃತಿಯೂ

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬಾಲ್ಯವನ್ನು ಕಳೆದ ಹಿರಿಯರು ಹಳೆಯ ದಿನಗಳನ್ನು ಕುರಿತು ಮಾತನಾಡುವಾಗ ಬುಗುರಿ, ಗೋಲಿ, ಗಾಳಿಪಟಗಳೊಡನೆ ಬೆಂಕಿಪೆಟ್ಟಿಗೆಯ ಚಿತ್ರಗಳನ್ನೂ ನೆನೆಯುವುದುಂಟು. ಬುಗುರಿಯು ಸವೆದುಹೋಗುತ್ತದೆ; ಗಾಳಿಪಟವು ಹರಿದುಹೋಗುತ್ತದೆ; ಹಳೆಯ ಲೆಕ್ಕದ ಪುಸ್ತಕದಲ್ಲಿ ಅಂಟಿಸಿದ ಚಿತ್ರವಾದರೋ ಉಳಿಯುತ್ತದೆ. ಆದುದರಿಂದ ಸ್ಮೃತಿಯು ಹೇಳುವುದನ್ನು ವಸ್ತುವಿನ ಮೂಲಕ ಪರೀಕ್ಷಿಸುವ ಅವಕಾಶವು ಇಲ್ಲಿ ದೊರೆಯುತ್ತದೆ.

ಚಿತ್ರಸಂಗ್ರಹದ ಹವ್ಯಾಸವನ್ನು ಪಶ್ಚಿಮದೇಶಗಳಲ್ಲಿ ಬೆಳೆಸಿದವರು ಹೊಗೆಸೊಪ್ಪಿನ ವರ್ತಕರು. ಮೆತ್ತನೆಯ ಸಿಗರೇಟುಪೊಟ್ಟಣವು ಮುದುಡದಂತೆ ಇಟ್ಟ ರಟ್ಟಿನ ತುಂಡಿನ ಮೇಲೆ ಅಮೆರಿಕದವರು 1880ರ ದಶಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಅಚ್ಚುಹಾಕಿಸಿದರು. ಇಂಗ್ಲೆಂಡಿನ ವಿಲ್ಸ್ ಕಂಪೆನಿಯೂ ಇದೇ ದಾರಿಯನ್ನು ಹಿಡಿದು, ಇಂಡಿಯಾದಲ್ಲಿ ಮಾರುತ್ತಿದ್ದ ‘ಸಿಸರ್ಸ್’ ಸಿಗರೇಟಿನೊಡನೆ ಇಲ್ಲಿಯ ಸೇನಾದಳಗಳ ಚಿತ್ರಮಾಲೆಯನ್ನು ಹೊರಡಿಸಿತು. ಇಂತಹವುಗಳಿಗೆ ಯೋಗ್ಯವಾದ ಸ್ಥಳವು ಬೆಂಗಳೂರಿನ ದಂಡುಪ್ರದೇಶವಾಗಿತ್ತು. 1947ರವರೆಗೂ ಅದು ಬ್ರಿಟಿಷರ ಅಧೀನದಲ್ಲಿದ್ದಿತು. 1892ರಲ್ಲಿ ಏರ್ಪಟ್ಟ ಚಾಮರಾಜಪೇಟೆಯೂ 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳೂ ಮೈಸೂರು ಸರಕಾರಕ್ಕೆ ಸೇರಿದ್ದುವು. ಈ ಬಡಾವಣೆಗಳ ಆಚಾರವಂತರ ಮನೆಗಳಲ್ಲಿ ಸಿಗರೇಟಿನ ಪೊಟ್ಟಣವನ್ನು ಹಿಡಿದು ನಿಂತ ಹುಡುಗನಿಗೆ ಚಿತ್ರದ ಸಮರ್ಥನೆಯು ರಕ್ಷಣೆಯಾಗುತ್ತಿರಲಿಲ್ಲ. ಬೆಂಕಿಪೆಟ್ಟಿಗೆಯ ಸ್ಥಿತಿಯೇ ಬೇರೆ. ಅದು ಒಲೆಯ ಬಳಿಯಿಂದಲೂ ದೇವರ ದೀಪದ ಪಕ್ಕದಿಂದಲೂ ಬಂದದ್ದು!

ಅದರ ಮೇಲಿನ ಚಿತ್ರಗಳು ಬಹುಕಾಲ ಪರದೇಶದವಾಗಿದ್ದುವು. ಸ್ವೀಡನ್ ಮತ್ತು ಜಪಾನಿನ ಕಾರ್ಖಾನೆಗಳು ಇಲ್ಲಿಯ ಗಿರಾಕಿಗಳಿಗಾಗಿ ಕೃಷ್ಣ, ಲಕ್ಷ್ಮಿ ಮೊದಲಾದ ದೇವತೆಗಳನ್ನು ಮುದ್ರಿಸಿ ಕಳುಹಿಸುತ್ತಿದ್ದುವು. 12 ಡಜನ್ ಪೆಟ್ಟಿಗೆಗಳ ಗ್ರೋಸೊಂದಕ್ಕೆ 12 ಆಣೆಯಿದ್ದ ಆಮದುಸುಂಕವು 1922ರಲ್ಲಿ 1 ರೂಪಾಯಿ 8 ಆಣೆಗೆ ಏರಿತು. ಸುಂಕದ ಗೋಡೆಯನ್ನು ದಾಟಲು ಸ್ವೀಡನ್ನಿನವರು 1923ರಲ್ಲಿ ವಿಮ್ಕೋ ಕಂಪೆನಿಯನ್ನು ಈ ದೇಶದಲ್ಲಿಯೇ ಸ್ಥಾಪಿಸಿದರು. ಹಡಗು, ಕುದುರೆಯ ತಲೆ, ಚಿರತೆಯೊಡನೆ ಕಾದುವ ವೀರ, ಇವು ಅವರ ಗುರುತುಗಳು. ಅದೇ ಕಾಲದಲ್ಲಿ ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬಿಬ್ಬರು ಕಲ್ಕತ್ತೆಯಲ್ಲಿ ಈ ಕೆಲಸವನ್ನು ಕಲಿತುಬಂದು ತಮ್ಮ ಊರಿನಲ್ಲಿ ಪ್ರಾರಂಭಿಸಿದರು. ಮುಂದೆ ಆ ಊರು ಮುದ್ರಣಕ್ಕೂ ಹೆಸರಾಗಿ, ಚಿತ್ರಗಳ ವೈವಿಧ್ಯಕ್ಕೆ ಮಿತಿಯಿಲ್ಲದಂತಾಯಿತು. ಸಂಗ್ರಾಹಕ ಬಾಲಕರಿಗೆ ಇದು ಸುಗ್ಗಿಯೇ ಸರಿ. ಒಂದೇ ಗುರುತಿನ ಎರಡು ಚಿತ್ರಗಳಿದ್ದವನು ಇಲ್ಲದವನೊಡನೆ ವಿನಿಮಯಕ್ಕೆ ಕುಳಿತುಕೊಳ್ಳುವನು. ಅಪರೂಪದ್ದೊಂದಕ್ಕೆ ಸಾಮಾನ್ಯವಾದವು ಹಲವು ಕೈಬಿಡುವುವು. ಬೇಸ್‌ಬಾಲ್ ಪದ್ಧತಿಗೆ ನಿಜವಾಗಿ ಹತ್ತಿರವಾದದ್ದು ಈ ನಗರಕ್ಕೆ ಬಂದದ್ದು ತೀರ ತಡವಾಗಿ, 1980ರ ದಶಕದ ಕೊನೆಯಲ್ಲಿ, ‘ಬಿಗ್ ಫನ್’ ಎಂಬ ಅಗಿಯುವ ಮಿಠಾಯಿಯೊಡನೆ ದೊರೆಯುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳ ರೂಪದಲ್ಲಿ.

ಇನ್ನು ಪ್ರಮಾಣದ ವಿಚಾರ. 1930ರ ಅನಂತರದ ಬಾಲ್ಯವನ್ನು ವರ್ಣಿಸುವವರೊಬ್ಬರು ‘ಆಗ ಎಲ್ಲವೂ ಜಪಾನಿನವು’ ಎಂದರೆ, ಸಂಗ್ರಹದ ಪುಟಗಳು ಒಡನೆಯೇ ಅದನ್ನು ಅಲ್ಲಗಳೆಯಬಹುದು. ಅಣ್ಣನ ಪುಸ್ತಕವು ತಮ್ಮನ ಕೈಗೆ ಬಂದಿರಬಹುದು. ಅಣ್ಣನು ನೋಡಿದುದನ್ನು ತಮ್ಮನು ತಾನೇ ನೋಡಿದಂತೆ ನೆನೆಯುತ್ತಿರಬಹುದು. ಇದರಲ್ಲಿ ಸುಳ್ಳಿನ ಉದ್ದೇಶವೇನೂ ಇಲ್ಲ. ಚಿತ್ರದ ಅಂಚಿನಲ್ಲಿ ಸಣ್ಣಕ್ಷರಗಳಿಂದ ಅಚ್ಚಾದ ದೇಶದ ಹೆಸರೇ ಇಲ್ಲಿ ವಿಶ್ವಾಸಾರ್ಹವಾದ ಸಾಕ್ಷಿ. ಅಂದವಾಗಿ ಕತ್ತರಿಸುವ ಆತುರದಲ್ಲಿ ಹುಡುಗರು ಆ ಅಂಚನ್ನೇ ತೆಗೆದುಹಾಕಿದ್ದರೆ ಆ ಸಾಕ್ಷಿಯೂ ಇಲ್ಲ.

ಇದಕ್ಕಿಂತ ನಿಶ್ಚಿತವಾದ ಕುರುಹು ಮತ್ತೊಂದಿದ್ದಿತು. 1934ರಲ್ಲಿ ಬೆಂಕಿಕಡ್ಡಿಗಳ ಮೇಲೆ ಉತ್ಪಾದನಾಸುಂಕವು ವಿಧಿಸಲ್ಪಟ್ಟ ಮೇಲೆ, ತೆರಿಗೆಯು ಸಂದಿತೆಂಬುದಕ್ಕಾಗಿ ಪೆಟ್ಟಿಗೆಗೆ ಒಂದು ಕಾಗದದ ಪಟ್ಟಿಯನ್ನು ಸುತ್ತಿ ಅಂಟಿಸುತ್ತಿದ್ದರು. ಪಟ್ಟಿಯುಳ್ಳ ಪೆಟ್ಟಿಗೆಯು ಆ ವರ್ಷಕ್ಕಿಂತ ಹಿಂದಿನದಲ್ಲವೆಂದು ನಿರ್ಧರಿಸುವುದಕ್ಕೆ ಅದೊಂದೇ ಸಾಕು. ಆದರೆ ಪೆಟ್ಟಿಗೆಯನ್ನು ತೆರೆಯಬೇಕಾದರೆ ಪಟ್ಟಿಯನ್ನು ಹರಿಯಲೇಬೇಕು. ಅಡಿಗೆಮನೆಯಲ್ಲಿ ಅದು ಮೊದಲ ದಿನವೇ ಒಲೆಗೆ ಬೀಳುತ್ತಿದ್ದಿತು. ಹುಡುಗರು ಕಾದಿದ್ದುದು ಕಡ್ಡಿಗಳು ಮುಗಿಯುವ ದಿನಕ್ಕಾಗಿ.