ಮನೆಗಳಿವೆ, ನಿಯಮಗಳೆಲ್ಲಿ?

ಚೌಕಾಬಾರ ಆಡಲು ಕುಳಿತ ಇಬ್ಬರು ಬೇರೆ ಬೇರೆ ಊರಿನವರಾಗಿದ್ದರೆ ಕವಡೆ ಎಸೆಯುವ ಮೊದಲೇ ತಕರಾರು ಶುರುವಾಗುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗಬಹುದೇ? ಸಾಲಾಗಿ ಮೂರು ಸಲ ಚೌಕ ಬಿದ್ದರೆ ಅದು ಲೆಕ್ಕಕ್ಕೆ ಉಂಟೋ ಇಲ್ಲವೋ? ಜೋಡಿಯಾಗಿ ನಿಂತ ಕಾಯಿಗಳನ್ನು ಒಂಟಿ ಕಾಯಿ ಕಡಿಯಬಹುದೇ? ‘ನಮ್ಮ ಕಡೆ ಹಂಗಿಲ್ಲ’ ಎಂದು ಒಬ್ಬರು, ‘ನಮ್ಮೂರಾಗ ಹಿಂಗ’ ಎಂದು ಇನ್ನೊಬ್ಬರು. ಕೊನೆಗೆ ಹಿರಿಯರು ಯಾರಾದರೂ ಒಂದು ತೀರ್ಮಾನ ಹೇಳುತ್ತಾರೆ, ಆಟ ಮುಂದುವರಿಯುತ್ತದೆ.

ಮೇಲುನೋಟಕ್ಕೆ ಸಣ್ಣದೆನಿಸುವ ಈ ತಕರಾರಿಗೆ ಈಗ ಹೊಸ ಮಹತ್ವ ಬಂದಿದೆ. ಮೂಲೆಗೆ ಸೇರಿದ್ದ ಹಳೆಯ ಮಣೆಯಾಟಗಳು ಮತ್ತೆ ಬೆಳಕಿಗೆ ಬರುತ್ತಿರುವುದೇ ಇದಕ್ಕೆ ಕಾರಣ. ಚೆನ್ನೈನ ‘ಕ್ರೀಡಾ’ ಸಂಸ್ಥೆ 2002ರಲ್ಲಿ ಇಂಥ ಆಟಗಳನ್ನು ಮರಳಿ ತಯಾರಿಸಿ ಮಾರಲು ಆರಂಭಿಸಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಪಗಡೆ, ಅಳಿಗುಳಿಮಣೆ, ಪರಮಪದ ಸೋಪಾನ ಪಟಗಳನ್ನು ನಗರದ ಜನರ ಮುಂದಿಟ್ಟಿತು. 2020ರ ಜೂನ್‌ನಲ್ಲಿ, ಲಾಕ್‌ಡೌನ್ ದಿನಗಳ ‘ಮನ್ ಕೀ ಬಾತ್’ ಭಾಷಣದಲ್ಲಿ ಪ್ರಧಾನಿಯವರೂ ಕರ್ನಾಟಕದ ಅಳಿಗುಳಿಮಣೆಯನ್ನು ಹೆಸರಿಸಿದರು. ಇಂದು ಬಟ್ಟೆಯ ಹಾಸು, ಮರದ ಕಾಯಿ, ಕವಡೆಗಳು ಪೆಟ್ಟಿಗೆಯಲ್ಲಿ ಸಿಗುತ್ತವೆ. ಪೆಟ್ಟಿಗೆಯೊಳಗೆ ನಿಯಮಗಳ ಒಂದು ಚೀಟಿಯೂ ಇರುತ್ತದೆ. ಆ ಚೀಟಿಯಲ್ಲಿರುವುದು ಯಾವ ಊರಿನ ನಿಯಮ?

ಅಮೆರಿಕದ ಒಂದು ಉದಾಹರಣೆ

ಹಳೆಯ ಆಟಕ್ಕೆ ಮರಳುವ ಒಲವು ನಮ್ಮಲ್ಲಿ ಮಾತ್ರ ಇರುವುದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೂರು ಸಣ್ಣ ಪುಸ್ತಿಕೆಗಳ ಪೆಟ್ಟಿಗೆ ಅದು. ಮೊದಲ ಮುದ್ರಣ 1000 ಪ್ರತಿ. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದು ಪಾತ್ರ ವಹಿಸುತ್ತಾರೆ: ಒಬ್ಬ ವೀರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಬಯಲಾಟದ ಸಾರಥಿ ಪಾತ್ರಗಳನ್ನು ಮಾತಿಗೆಳೆಯುವಂತೆ ಇಲ್ಲೂ ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ನಿರ್ಧರಿಸುತ್ತದೆ.

ಆ ಮೊದಲ ಪುಸ್ತಿಕೆಗಳಲ್ಲಿ ಹೇಳದೆ ಬಿಟ್ಟದ್ದೇ ಬಹಳ. ನಿಯಮ ಸಿಗದ ಕಡೆ ಸೂತ್ರಧಾರ ತನ್ನ ವಿವೇಚನೆಯಿಂದ ತೀರ್ಪು ಕೊಡಬೇಕಿತ್ತು. ಮುಂದಿನ ಆವೃತ್ತಿಗಳು ದಪ್ಪವಾದವು, ಪ್ರತಿ ಸಂದರ್ಭಕ್ಕೂ ನಿಯಮ ಬಂತು. 1997ರಲ್ಲಿ ಆಟದ ಒಡೆತನ ಬೇರೆ ಕಂಪನಿಯ ಪಾಲಾಯಿತು. 2000ದಲ್ಲಿ ಮೂರನೇ ಆವೃತ್ತಿ ಬಂತು. ಆಗ ಹಳಬರಲ್ಲಿ ಕೆಲವರು, ಅವರ ಜೊತೆ ಹಳೆಯದನ್ನು ಕಂಡೇ ಇರದ ಹುಡುಗರೂ, ಮೊದಲಿನ ತೆಳು ಪುಸ್ತಕಗಳತ್ತ ತಿರುಗಿದರು. ಹಳೆಯ ಪುಸ್ತಕಗಳ ಮುದ್ರಣ ನಿಂತುಹೋಗಿತ್ತು. ಆದರೆ ಆಟದ ವಿಧಾನಕ್ಕೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಬರೆದ ಮಾತುಗಳಿಗೆ ಮಾತ್ರ ಇದೆ. ಇದನ್ನು ಮನಗಂಡ ಅಭಿಮಾನಿಗಳು, ಕಂಪನಿಯೇ ಕೊಟ್ಟಿದ್ದ ಮುಕ್ತ ಪರವಾನಗಿಯನ್ನೂ ಬಳಸಿಕೊಂಡು, ಹಳೆಯ ನಿಯಮಗಳನ್ನು ತಮ್ಮ ಮಾತಿನಲ್ಲಿ ಬರೆದು 2006ರಿಂದ ಪ್ರಕಟಿಸತೊಡಗಿದರು. ಬೇಡಿಕೆ ಕಂಡ ಕಂಪನಿ 2013ರಲ್ಲಿ ತನ್ನ ಹಳೆಯ ಆವೃತ್ತಿಗಳನ್ನು ತಾನೇ ಮತ್ತೆ ಮಾರಾಟಕ್ಕಿಟ್ಟಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಅವರು ಹಿಂದಿರುಗಲು ಬಯಸಿದ್ದು ಕೂತವರೇ ಮಾತಾಡಿ ತೀರ್ಮಾನಿಸುವ ಸ್ವಾತಂತ್ರ್ಯಕ್ಕೆ. ಹಾಗೆ ಹಿಂದಿರುಗಲು ಅವರಿಗೆ ಸಾಧ್ಯವಾದದ್ದು ಪುಸ್ತಕ ಉಳಿದಿದ್ದರಿಂದ.

ಪುಸ್ತಕ ಉಂಟು, ಆಡುವವರಿಲ್ಲ

ಪುಸ್ತಕ ಉಳಿದ ಮಾತ್ರಕ್ಕೆ ಆಟ ಉಳಿಯುವುದಿಲ್ಲ ಎಂಬುದಕ್ಕೆ ಮೈಸೂರೇ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡರು. ಆ ನಂತರದ ದಶಕಗಳಲ್ಲಿ ಅರಸರು ಕಲೆ, ಸಾಹಿತ್ಯಗಳ ಜೊತೆಗೆ ಆಟಗಳ ರಚನೆಗೂ ಮನಸ್ಸು ಕೊಟ್ಟರು. ಚದುರಂಗದಲ್ಲಿ ಕುದುರೆಯ ನಡೆಯ ಸಮಸ್ಯೆಗಳನ್ನು ಹೊಸೆದರು. ಗಂಜೀಫಾ ಎಲೆಗಳನ್ನು ದೇವತೆಗಳ ಚಿತ್ರಗಳೊಂದಿಗೆ ವಿಸ್ತರಿಸಿ ‘ಛದ’ ಎಂಬ ಆಟಗಳನ್ನು ಕಟ್ಟಿದರು. ಅವುಗಳಲ್ಲಿ ಚಾಮುಂಡೇಶ್ವರಿ ಛದ ಒಂದಕ್ಕೇ 320 ಎಲೆಗಳು. ಇವುಗಳ ವಿವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ದಾಖಲಾಗಿದೆ. ಎಲೆಗಳ ಚಿತ್ರಕಲೆಯನ್ನು ವಿದ್ವಾಂಸರು ಮೆಚ್ಚಿದ್ದಾರೆ, ಸಂಗ್ರಾಹಕರು ಜೋಪಾನ ಮಾಡಿದ್ದಾರೆ. ಆದರೆ ಅರಮನೆಯ ಆಚೆಗೆ ಈ ಆಟ ಬೇರು ಬಿಡಲಿಲ್ಲ.

ಹಂಪಿಯದು ಇದಕ್ಕೂ ಮುಂದಿನ ಸ್ಥಿತಿ. ಅಲ್ಲಿನ ಮಂಟಪಗಳ ನೆಲಗಲ್ಲುಗಳ ಮೇಲೂ ಬಂಡೆಗಳ ಮೇಲೂ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಸ್ವೀಡನ್‌ನ ಪುರಾತತ್ವಜ್ಞೆ ಎಲ್ಕೆ ರೋಗರ್ಸ್‌ಡಾಟರ್ ಇವುಗಳನ್ನು ಸಮೀಕ್ಷೆ ಮಾಡಿ 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಗೆರೆಗಳನ್ನು ಎಣಿಸಬಹುದು, ಅಳೆಯಬಹುದು. ಆದರೆ ಅವುಗಳ ಮೇಲೆ ಕಾಯಿ ನಡೆಸಿದವರು ಯಾವ ನಿಯಮಕ್ಕೆ ಒಪ್ಪಿದ್ದರು ಎಂಬುದನ್ನು ಕಲ್ಲು ಹೇಳುವುದಿಲ್ಲ.

ಆಡುವವರುಂಟು, ಪುಸ್ತಕವಿಲ್ಲ

ಇದೇ ಹಂಪಿಯ ನೆರೆಯಲ್ಲಿವೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. 2021ರಿಂದ ಇವೆಲ್ಲ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಜನ ಆಡಳಿತದ ಹಲವು ಗಡಿಗಳನ್ನು ಕಂಡವರು. 1953ರ ಅಕ್ಟೋಬರ್‌ವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಆಗ ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. ಮೈಸೂರಿನ ಅರಸರ ಲೇಖಕರು ಆಟಗಳನ್ನು ಬರೆದಿಡುತ್ತಿದ್ದ ಕಾಲದಲ್ಲಿ ಈ ಸೀಮೆ ಅವರ ಆಳ್ವಿಕೆಯಲ್ಲೇ ಇರಲಿಲ್ಲ.

ಆದರೂ ಆಟದ ಪರಂಪರೆ ಇಲ್ಲಿಗೆ ಹೊಸದಲ್ಲ. ಬಾಗಳಿಯ ಕಲ್ಲೇಶ್ವರ ದೇವಾಲಯ, ಕೋಗಳಿಯ ಶಾಸನಗಳು ನೆನಪಿಸುವಂತೆ ಇದು ಕಲ್ಯಾಣದ ಚಾಲುಕ್ಯರು ಆಳಿದ ನಾಡು. ಆ ವಂಶದ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳ ವಿವರಣೆ ಇದೆ. ಅದು ಅರಸನ ವಿನೋದದ ದಾಖಲೆ. ಹೊಲಮನೆಗಳವರ ಆಟವನ್ನು ಬರೆದವರಿಲ್ಲ.

ಹಾಗೆ ನೋಡಿದರೆ ಅವರಿಗೆ ಬರವಣಿಗೆಯ ಅಗತ್ಯವೂ ಇರಲಿಲ್ಲ. ಇದ್ದಿಲಿನಲ್ಲೋ ಸೀಮೆಸುಣ್ಣದಲ್ಲೋ ಐದು ಸಾಲಿನ ಇಪ್ಪತ್ತೈದು ಮನೆ ಗೀಚಿದರೆ ಹಾಸು ಸಿದ್ಧ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರಾಯಿತು. ಬಳೆಚೂರು, ಜೋಳದ ಕಾಳು, ಕಲ್ಲಿನ ಹರಳುಗಳೇ ಕಾಯಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟರ ಬಾರ. ಎರಡಕ್ಕೂ ಮತ್ತೊಂದು ಎಸೆತ. ಅಡ್ಡಗೆರೆ ಎಳೆದ ಕಟ್ಟೆಮನೆಯಲ್ಲಿ ಕಾಯಿಗೆ ಅಭಯ. ಹೊರಸುತ್ತು, ಒಳಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’.

ಇಷ್ಟು ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಇದರಾಚೆಗೆ ಪ್ರತಿ ಕೇರಿಗೂ ಒಂದು ಕಟ್ಟಳೆ. ಅಳಿಗುಳಿಮಣೆಯಲ್ಲಿ ಗುಳಿಗೆ ನಾಲ್ಕು ಕಾಳೋ ಐದೋ, ಹುಲಿಕುರಿ ಆಟದಲ್ಲಿ ಕುರಿಗಳೆಷ್ಟು ಎಂಬುದಕ್ಕೂ ಒಂದೇ ಉತ್ತರವಿಲ್ಲ. ಪಂಚಮಿ ಹಬ್ಬದ ದಿನ, ಶಿವರಾತ್ರಿಯ ಜಾಗರಣೆ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಜ್ಜಿಯ ಎದುರು ಕೂತು ಸೋತೇ ಇವನ್ನು ಕಲಿಯಬೇಕು.

ಈ ಕಲಿಕೆಯ ಸರಪಳಿ ಈಗ ಸಡಿಲವಾಗುತ್ತಿದೆ. ಮಳೆಯನ್ನೇ ನಂಬಿದ ಈ ಬಯಲುಸೀಮೆಯಿಂದ ಗುಳೆ ಹೋಗುವ ಕುಟುಂಬಗಳಲ್ಲಿ ಅಜ್ಜಿ ಒಂದು ಕಡೆ, ಮೊಮ್ಮಕ್ಕಳು ಒಂದು ಕಡೆ. ಮೊಬೈಲ್‌ನಲ್ಲಿ ಲೂಡೋ ಸಿಗುತ್ತದೆ. ಅದೂ ನಮ್ಮ ಪಚ್ಚೀಸಿಯನ್ನೇ ಸರಳಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟ. ಯಂತ್ರದೊಂದಿಗೆ ತಕರಾರು ಮಾಡಲು ಬರುವುದಿಲ್ಲ. ಅದರ ನಿಯಮವೇ ಕೊನೆಯ ಮಾತು.

ಅಮೆರಿಕದವರಿಗೆ ಹಳೆಯ ಪುಸ್ತಿಕೆಗಳು ಸಿಕ್ಕಿದಂತೆ ಐವತ್ತು ವರ್ಷಗಳ ನಂತರ ಇಲ್ಲಿನ ಮಕ್ಕಳಿಗೆ ಸಿಗುವುದೇನು? ಪೇಟೆಯ ಪೆಟ್ಟಿಗೆಯ ಚೀಟಿಯೊಂದೇ ಉಳಿದರೆ ಅದೇ ‘ಮೂಲ’ ಎನಿಸಿಕೊಳ್ಳುತ್ತದೆ. ಮಿಕ್ಕವೆಲ್ಲ ತಪ್ಪು ಆಟವಾಗುತ್ತವೆ. ಪುನರುಜ್ಜೀವನವೇ ವೈವಿಧ್ಯವನ್ನು ಅಳಿಸುವ ಅಪಾಯ ಇದು.

ಇದನ್ನು ತಪ್ಪಿಸಲು ದೊಡ್ಡ ಹಣ ಬೇಕಿಲ್ಲ. ಹಂಪಿಯಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಕೂಗಳತೆಯಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತು 1985ರಲ್ಲೇ ಹೊರತಂದ ‘ಕನ್ನಡ ಜಾನಪದ ವಿಶ್ವಕೋಶ’ ದಾಖಲೆಯ ದಾರಿ ತೋರಿಸಿದೆ. ಪ್ರೌಢಶಾಲೆಯ ಮಕ್ಕಳೂ ರಜೆಯಲ್ಲಿ ಮಾಡಬಹುದಾದ ಕೆಲಸ ಇದು: ಊರಿನ ಹೆಸರು, ಹೇಳಿದವರ ವಯಸ್ಸು, ಎಷ್ಟು ಮನೆ, ಎಷ್ಟು ಕಾಯಿ, ಎಲ್ಲಿ ಕಟ್ಟೆ, ಕಡಿಯದೆ ಒಳಹೋಗಬಹುದೇ ಇಲ್ಲವೇ. ಎರಡು ಊರುಗಳ ಉತ್ತರ ಹೊಂದದಿದ್ದರೆ ಎರಡನ್ನೂ ಬರೆಯಬೇಕು, ಒಂದನ್ನು ತಿದ್ದಬಾರದು.

ಹಂಪಿಯ ಕಲ್ಲಿನ ಮುಂದೆ ವಿದ್ವಾಂಸರು ಊಹೆ ಮಾಡಬೇಕಾಗಿದೆ. ಕೂಡ್ಲಿಗಿಯ ಅಜ್ಜಿಯನ್ನು ಇನ್ನೂ ಕೇಳಬಹುದು.